ಊರಿಗೆ ಹೊತ್ತೊಯ್ದ ಬಿಪಿ ಮಷಿನ್ (ನೈಟ್ ಡ್ಯೂಟಿ ಬರಹ – 11)

ರಜೆಗೆ ಊರಿಗೆ ಹೊರಡುವ ಹದಿನೈದು ದಿನ ಮೊದಲೇ ನಮ್ಮ ವಾರ್ಡಿನ ಇಂಡಿಯನ್ ನರ್ಸುಗಳಲ್ಲಿ ಒಂದೇ ಮಾತು. ಏನು ತಗೊಂಡೆ, ಎಷ್ಟಾಯ್ತು, ಎಷ್ಟು ಕಿಲೋ ಬಂತು. ಚಾಕೊಲೇಟು, ಸೆಂಟು, ಮಕ್ಕಳ ಬಟ್ಟೆ ಆದ ಮೇಲೆ ಸೂಟ್‌ಕೇಸಿನಲ್ಲಿ ಉಳಿಯುವ ಜಾಗವೆಲ್ಲ ಎಲೆಕ್ಟ್ರಾನಿಕ್ಸಿಗೆ. ಊರಲ್ಲಿ ಎಲ್ಲವೂ ಸಿಗುವ ಈ ಕಾಲದಲ್ಲೂ "ಅಲ್ಲಿಂದ ತಂದದ್ದು" ಅಂದರೆ ಒಂದು ತೂಕ. ನಾವು ತರುವವರಿಗೂ ಅದೇ ಭ್ರಮೆ, ಇಸ್ಕೊಳ್ಳುವವರಿಗೂ ಅದೇ ಭ್ರಮೆ.

ಹೋದ ಬರಹಕ್ಕೆ ಒಬ್ಬ ತಂಗಿ ಕೇಳಿದ್ದಳು: "ಅಕ್ಕಾ, ಈ ವರ್ಷವಷ್ಟೇ ಯುಕೆಗೆ ಬಂದಿದ್ದೇನೆ, ಸಾಲ ಇನ್ನೂ ತೀರಿಲ್ಲ. ಮನೆ ಸಾಮಾನು, ಚಾರ್ಜರು, ಊರಿಗೆ ಕಳಿಸುವ ಐಟಂ ಎಲ್ಲ ಕಮ್ಮಿಯದ್ದೇ ತಗೊಳ್ಳಲಾ, ಇಲ್ಲಾ ಒಮ್ಮೆ ಖರ್ಚಾದರೂ ಒಳ್ಳೇದೇ ತಗೊಳ್ಳಲಾ?" ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಯಾಕೆಂದರೆ ಇದೇ ವಿಷಯದಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ, ಅದನ್ನು ಹೇಳದೆ ಬುದ್ಧಿವಾದ ಹೇಳಿದರೆ ಸುಳ್ಳಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಮ್ಮಿಯದ್ದಾ ದುಬಾರಿಯದ್ದಾ ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈ ವಸ್ತು ಅದು ಹೋಗಿ ಕೂರುವ ಮನೆಗೆ, ಆ ಮನೆಯ ಕರೆಂಟಿಗೆ, ಅದನ್ನು ಬಳಸುವ ಕೈಗೆ ಹೊಂದುತ್ತದಾ? ಕೆಟ್ಟರೆ ಏನಾಗುತ್ತದೆ, ಬರೀ ಬೇಜಾರಾ, ಪ್ರಾಣಕ್ಕೆ ಕುತ್ತಾ? ಇವೆರಡು ಮೊದಲು. ನಾನು ಈ ಎರಡನ್ನೂ ಕೇಳದೆ ರೇಟು ಮಾತ್ರ ನೋಡಿದೆ, ಅದೂ ಜಾಸ್ತಿ ರೇಟು ನೋಡಿ ನೆಮ್ಮದಿಪಟ್ಟೆ.

ನನ್ನ ಅಮ್ಮನಿಗೆ ಎಂಟು ವರ್ಷದಿಂದ ಬಿಪಿ. ಪುತ್ತೂರಿನ ಹತ್ತಿರದ ಹಳ್ಳಿ, ಡಾಕ್ಟರ ಹತ್ತಿರ ಹೋಗಲು ಬಸ್ಸು ಹಿಡಿಯಬೇಕು. ಮನೆಯಲ್ಲೇ ನೋಡಿಕೊಳ್ಳಲಿ ಎಂದು ಇಲ್ಲಿಂದ ಒಂದು ಬಿಪಿ ಮಷಿನ್ ತಗೊಂಡು ಹೋದೆ. 79 ಪೌಂಡು. ಕೈಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟುವಂಥದ್ದು, ಬ್ಲೂಟೂತ್ ಇರುವಂಥದ್ದು. ಮಣಿಕಟ್ಟಿನದ್ದೇ ಯಾಕೆ ಅಂದರೆ ಅಮ್ಮ ಸೀರೆಯವಳು. ರವಿಕೆಯ ತೋಳು ಬಿಗಿ, ಅದನ್ನು ಮೇಲೆ ಸರಿಸಿ ತೋಳಿಗೆ ಪಟ್ಟಿ ಕಟ್ಟುವುದು ದಿನಾ ಆಗುವ ಕೆಲಸವಲ್ಲ. ಅಷ್ಟು ಯೋಚನೆ ಮಾಡಿದ್ದೇನೆ ಅಂತ ನನಗೇ ಹೆಮ್ಮೆ ಆಗಿತ್ತು ನೋಡಿ.

ಆ ಮಷಿನ್ನಿಗೆ ಇಷ್ಟು ರೇಟು ಇದ್ದದ್ದು ಅದರ ಆ್ಯಪ್‌ನಿಂದ. ಕೈ ಹೃದಯದ ಎತ್ತರಕ್ಕೆ ಬಂದಿದೆಯಾ ಇಲ್ಲವಾ ಅಂತ ಆ್ಯಪ್ ಹೇಳುತ್ತದೆ, ಬಂದ ಮೇಲೆ ಅಳೆಯುತ್ತದೆ, ಲೆಕ್ಕ ತಾನೇ ಬರೆದಿಟ್ಟು ನನಗೂ ಕಳಿಸುತ್ತದೆ. ಊರಿಗೆ ಹೋಗಿ ನೋಡಿದರೆ ಅಪ್ಪನ ಫೋನು ಆರು ವರ್ಷ ಹಳೆಯದು, ಆ್ಯಪ್ ಅದರಲ್ಲಿ ಇನ್‌ಸ್ಟಾಲೇ ಆಗಲಿಲ್ಲ. ಪರವಾಗಿಲ್ಲ ಬಿಡು, ಮಷಿನ್ನಿನ ಮೇಲೆ ನಂಬರು ಬರುತ್ತದಲ್ಲ, ಅದನ್ನು ವಾಟ್ಸಾಪ್ ಮಾಡಿ ಅಂದೆ. ಮರುದಿನ ವಿಮಾನ ಹತ್ತಿದೆ.

ಅಮ್ಮ ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂತು, ಕೈಯನ್ನು ಮಡಿಲಲ್ಲಿಟ್ಟು ಬಟನ್ ಒತ್ತುತ್ತಿದ್ದಳು. ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಮಡಿಲು ಹೃದಯಕ್ಕಿಂತ ಒಂದು ಗೇಣು ಕೆಳಗೆ. ರಕ್ತವೂ ನೀರಿನ ಹಾಗೆಯೇ, ಕೆಳಗೆ ಇಳಿದಷ್ಟು ಒತ್ತಡ ಜಾಸ್ತಿ. ಅಳೆಯುವ ಜಾಗ ಹೃದಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ ನಂಬರು ಸುಮಾರು 7–8 ಜಾಸ್ತಿ ತೋರಿಸುತ್ತದೆ, ಇಪ್ಪತ್ತು ಸೆಂಟಿಮೀಟರ್ ಇದ್ದರೆ ಹದಿನೈದು. ಇದು ನರ್ಸಿಂಗ್ ಮೊದಲ ವರ್ಷದ ಪಾಠ. ಇಲ್ಲಿ ಸ್ಟೂಡೆಂಟುಗಳಿಗೆ ನಾನೇ ಹೇಳಿಕೊಡುತ್ತೇನೆ.

ವಾಟ್ಸಾಪ್‌ನಲ್ಲಿ ಬರುತ್ತಿದ್ದದ್ದು 152, 156, 149. ಡಾಕ್ಟರ ಹತ್ತಿರ ಹೋದಾಗ 130ರ ಆಸುಪಾಸು. ನಾನು ಏನು ಹೇಳಿದೆ ಗೊತ್ತಾ? "ಅಲ್ಲಿ ಗಡಿಬಿಡಿಯಲ್ಲಿ ನೋಡ್ತಾರಮ್ಮ, ಇದು ಒಳ್ಳೆ ಮಷಿನ್, ಇದನ್ನೇ ತೋರಿಸು." ಒಂದು ತಿಂಗಳ ಲೆಕ್ಕವನ್ನು ಚೀಟಿಯಲ್ಲಿ ಬರೆಸಿ ಕಳಿಸಿದೆ. ಮಗಳು ಫಾರಿನ್ನಲ್ಲಿ ನರ್ಸು, ಮಷಿನ್ ಫಾರಿನ್ನದ್ದು, ಚೀಟಿಯಲ್ಲಿ ಮೂವತ್ತು ದಿನದ ನಂಬರು. ಡಾಕ್ಟರು ಅಮ್ಲೋಡಿಪಿನ್ 5ರಿಂದ 10 ಮಾಡಿದರು. ಅವರ ತಪ್ಪೇನೂ ಇಲ್ಲ.

ಎರಡು ತಿಂಗಳಲ್ಲಿ ಅಮ್ಮನ ಕಾಲು ಊದತೊಡಗಿತು. ಬೆಳಿಗ್ಗೆ ಎದ್ದಾಗ ತಲೆ ತಿರುಗುವುದು. ಒಂದು ದಿನ ಬಚ್ಚಲುಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಾಗಿಲು ಹಿಡಿದು ನಿಂತಳಂತೆ. ನನಗೆ ಹೇಳಿದ್ದು ಒಂದು ವಾರ ಬಿಟ್ಟು. ಅರವತ್ತು ದಾಟಿದವರು ಬಚ್ಚಲುಮನೆಯಲ್ಲಿ ಬಿದ್ದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಿಲ್ಲ, ಸೊಂಟದ ಮೂಳೆ ಮುರಿದು ಬಂದವರನ್ನು ವಾರಕ್ಕೆ ಎಷ್ಟೋ ಸಲ ಮಗ್ಗುಲು ಬದಲಿಸುವ ಕೆಲಸ ನನ್ನದು.

ಮುಂದಿನ ರಜೆಯಲ್ಲಿ ನನ್ನ ಹಳೆ ಸ್ಟೆತಸ್ಕೋಪು, ಡಯಲಿನ ಬಿಪಿ ಉಪಕರಣ ಹಿಡಿದು ಕೂತೆ. ತೋಳಿನಲ್ಲಿ 116. ಅದೇ ಹೊತ್ತಿಗೆ ಮಣಿಕಟ್ಟಿನ ಮಷಿನ್, ಕೈ ಮಡಿಲಲ್ಲಿ: 134. ಕೈ ಎತ್ತಿ ಎದೆಯ ಮಟ್ಟಕ್ಕೆ ಹಿಡಿದಾಗ: 119. ಅಂದರೆ ಮಷಿನ್ ಸುಳ್ಳು ಹೇಳುತ್ತಿರಲಿಲ್ಲ. ಅದು ಒಳ್ಳೆಯ ಮಷಿನ್ನೇ. ನಾನು ದುಡ್ಡು ಕೊಟ್ಟದ್ದೇ ಯಾವ ಗುಣಕ್ಕೋ, ಆ ಗುಣ ಆ ಮನೆಯಲ್ಲಿ ಕೆಲಸ ಮಾಡಲಿಲ್ಲ, ಅಷ್ಟೇ. ಜೊತೆಗೆ ಬಂದ ಪುಸ್ತಕದಲ್ಲಿ ಎಷ್ಟೋ ಭಾಷೆ ಇದ್ದವು, ಕನ್ನಡ ಇರಲಿಲ್ಲ. ಬಾಯಲ್ಲಿ ಹೇಳಬೇಕಾದವಳು ವಿಮಾನ ಹತ್ತಿದ್ದಳು.

ಮಂಗಳೂರಿಗೆ ಹೋಗಿ ಸರ್ಜಿಕಲ್ ಅಂಗಡಿಯಿಂದ ತೋಳಿಗೆ ಕಟ್ಟುವ ಮಾಮೂಲಿ ಮಷಿನ್ ತಂದೆ, ₹2,100. ಬ್ಲೂಟೂತ್ ಇಲ್ಲ, ಆ್ಯಪ್ ಇಲ್ಲ. ಹೋಗುವ ಮೊದಲು ಟೈಲರಿಂಗ್ ಟೇಪಿನಿಂದ ಅಮ್ಮನ ತೋಳು ಅಳೆದಿದ್ದೆ: 34 ಸೆಂಟಿಮೀಟರ್. ಪೆಟ್ಟಿಗೆಯಲ್ಲಿ ಬರುವ ಪಟ್ಟಿ 22–32. "ಮೇಡಂ ಎಲ್ರೂ ಇದನ್ನೇ ತಗೊಂಡು ಹೋಗೋದು" ಅಂದ ಅಂಗಡಿಯವರ ಹತ್ತಿರ ಹಠ ಹಿಡಿದು ದೊಡ್ಡ ಪಟ್ಟಿ ತರಿಸಿಕೊಂಡೆ, ಅದಕ್ಕೆ ಬೇರೆ ₹800. ಈ ಹಠಕ್ಕೆ ಕಾರಣ ಉಂಟು. ಪಟ್ಟಿ ಚಿಕ್ಕದಾದರೆ ಬಿಪಿ ಜಾಸ್ತಿ ತೋರಿಸುತ್ತದೆ, ದೊಡ್ಡದಾದರೆ ಕಮ್ಮಿ. 2023ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ನಂಬರು ಸರಾಸರಿ 19.5 ಜಾಸ್ತಿ ಬಂದಿತ್ತು. ಅಮ್ಮನ ಅಳತೆಯವರಿಗೆ ವ್ಯತ್ಯಾಸ ಅಷ್ಟು ದೊಡ್ಡದಲ್ಲ, ಆದರೂ ಒಮ್ಮೆ ಕೈ ಸುಟ್ಟುಕೊಂಡವಳು ನಾನು. ರವಿಕೆಯ ಸಮಸ್ಯೆಗೆ ಅಮ್ಮನೇ ದಾರಿ ಹುಡುಕಿದಳು: ಬೆಳಿಗ್ಗೆ ಸೀರೆ ಉಡುವ ಮೊದಲು, ನೈಟಿಯಲ್ಲಿರುವಾಗಲೇ ನೋಡಿಬಿಡುವುದು. ಇಷ್ಟು ಸರಳ ಉಪಾಯ 79 ಪೌಂಡಿನ ನನ್ನ ತಲೆಗೆ ಹೊಳೆದಿರಲಿಲ್ಲ.

ಒಂದು ವಾರದ ಲೆಕ್ಕ ನೋಡಿ ಡಾಕ್ಟರು ಮಾತ್ರೆ ಪುನಃ 5ಕ್ಕೆ ಇಳಿಸಿದರು. ಕಾಲು ಇಳಿಯಿತು. ನನಗೆ ಮಾತ್ರ ಇನ್ನೂ ಇಳಿದಿಲ್ಲ.

ಬಿಪಿ ಮಷಿನ್ ಕೊಳ್ಳುವವರಿಗೆ ಒಂದು ಮಾತು. ಮಷಿನ್ನುಗಳನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡಿ ಸರಿ ಇದೆ ಅಂತ ತೋರಿಸಿದ ಮಾದರಿಗಳ ಪಟ್ಟಿ ಇರುತ್ತದೆ. ಬ್ರಿಟನ್ನಿನಲ್ಲಿ ಬ್ರಿಟಿಷ್ ಅಂಡ್ ಐರಿಷ್ ಹೈಪರ್‌ಟೆನ್ಶನ್ ಸೊಸೈಟಿ ಇಂಥ ಪಟ್ಟಿ ಇಟ್ಟಿದೆ, ಅಂತಾರಾಷ್ಟ್ರೀಯ ಮಟ್ಟದಲ್ಲಿ ಸ್ಟ್ರೈಡ್ ಬಿಪಿ ಅಂತ ಇದೆ. ಆ ಪಟ್ಟಿಯಲ್ಲಿ ಅಗ್ಗದ ಮಾದರಿಗಳೂ ಇವೆ. ಮಾದರಿಯ ನಂಬರು ಅದರಲ್ಲಿದೆಯಾ ನೋಡಿ, ತೋಳು ಅಳೆಯಿರಿ, ಆಮೇಲೆ ರೇಟು.

ದುಬಾರಿ ಉಪಕರಣವೂ ಎಲ್ಲರಿಗೂ ಹೊಂದುವುದಿಲ್ಲ ಅನ್ನುವುದಕ್ಕೆ ಆಸ್ಪತ್ರೆಯಲ್ಲೇ ಉದಾಹರಣೆ ಉಂಟು. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊರೊನಾ ಕಾಲದಲ್ಲಿ ಎಲ್ಲರ ಮನೆಗೂ ಬಂತಲ್ಲ. ಕಪ್ಪು ಚರ್ಮದವರಲ್ಲಿ ಅದು ಆಕ್ಸಿಜನ್ನನ್ನು ಇರುವುದಕ್ಕಿಂತ ಜಾಸ್ತಿ ತೋರಿಸಿ, ಕಮ್ಮಿಯಾದದ್ದನ್ನು ಮುಚ್ಚಿಬಿಡಬಹುದು ಅಂತ 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆಗಳಿಂದಲೇ ಗೊತ್ತಾಯಿತು. ಅವು ಅಂಗಡಿಯ ಅಗ್ಗದ ಆಕ್ಸಿಮೀಟರುಗಳಲ್ಲ, ಆಸ್ಪತ್ರೆಯವು.

ಇನ್ನು ಕರೆಂಟಿನ ವಿಷಯ. ನಾನು ಊರಿಗೆ ಹೊತ್ತ ಇನ್ನೊಂದು ಘನಕಾರ್ಯ ಅಂದರೆ ಇಲ್ಲಿಯ ಕೆಟಲ್. ಅಪ್ಪನಿಗೆ ಬಿಸಿನೀರಿನ ಗೀಳು. ಎರಡೂ ಕಡೆ 230 ವೋಲ್ಟು, 50 ಹರ್ಟ್ಸ್, ಆದ್ದರಿಂದ ಚಿಂತೆ ಇಲ್ಲ ಅಂದುಕೊಂಡೆ. ಇಲ್ಲಿಯ ಕೆಟಲ್ ಚಹಾ ಬೇಗ ಬೇಕು ಅನ್ನುವವರಿಗೆ ಮಾಡಿದ್ದು, 3,000 ವ್ಯಾಟ್. 230ರಿಂದ ಭಾಗಿಸಿದರೆ 13 ಆಂಪಿಯರ್. ಇಲ್ಲಿಯ ಸಾಕೆಟ್ಟು ಸರಿಯಾಗಿ 13 ಆಂಪಿಯರಿನದ್ದೇ. ನಮ್ಮ ಅಡುಗೆಮನೆಯ ಸಣ್ಣ ಸಾಕೆಟ್ಟು 6 ಆಂಪಿಯರಿನದ್ದು, ಮಧ್ಯೆ ಐವತ್ತು ರೂಪಾಯಿಯ ಒಂದು ಕನ್ವರ್ಟರ್ ಪಿನ್ನು. ಮೂರನೇ ದಿನ ಪ್ಲಾಸ್ಟಿಕ್ ಸುಟ್ಟ ವಾಸನೆ. ಅಪ್ಪ ಸ್ವಿಚ್ ಆಫ್ ಮಾಡಿದರು, ಪಿನ್ನು ಸಾಕೆಟ್ಟಿಗೆ ಅಂಟಿಕೊಂಡಿತ್ತು. ಗೀಸರಿಗೆ ಹಾಕುವ ಪವರ್ ಪ್ಲಗ್ಗಿಗೆ ಹಾಕಿದ್ದರೆ ಆಗುತ್ತಿತ್ತೋ ಏನೋ, ಅದು ಬಚ್ಚಲುಮನೆಯ ಪಕ್ಕದಲ್ಲಿ. ಈಗ ಪುತ್ತೂರಿನಲ್ಲೇ ತಂದ 1,500 ವ್ಯಾಟಿನದ್ದು ನಾಲ್ಕು ವರ್ಷದಿಂದ ಓಡುತ್ತಿದೆ. ಅದೂ 6 ಆಂಪಿಯರಿಗೆ ಸ್ವಲ್ಪ ಭಾರವೇ, ಪವರ್ ಪ್ಲಗ್ಗು ಹಾಕಿಸಿಕೊಟ್ಟೆ.

ಅಮೆರಿಕದಲ್ಲಿರುವ ನನ್ನ ಕ್ಲಾಸ್‌ಮೇಟ್‌ನದ್ದು ಇದಕ್ಕೆ ಉಲ್ಟಾ ಕಥೆ. ಅಲ್ಲಿ 120 ವೋಲ್ಟು. ಊರಿಂದ ಹೊತ್ತ 750 ವ್ಯಾಟಿನ ಮಿಕ್ಸಿಗೆ ಅಂಗೈಯಗಲದ ಟ್ರಾವೆಲ್ ಕನ್ವರ್ಟರ್ ಹಾಕಿದಳು, ಮೊದಲ ಚಟ್ನಿಗೇ ಹೊಗೆ. ಅಂಥ ಮಿಕ್ಸಿಗೆ ವೋಲ್ಟೇಜ್ ಏರಿಸುವ ಭಾರದ ಟ್ರಾನ್ಸ್‌ಫಾರ್ಮರ್ ಬೇಕು, ಅದರ ರೇಟಿಗೆ ಅಲ್ಲೇ 110 ವೋಲ್ಟಿನ ಇಂಡಿಯನ್ ಮಿಕ್ಸಿ ಸಿಗುತ್ತದೆ. ಗ್ರೈಂಡರಿನ ವಿಷಯ ಇನ್ನೂ ಒಂದು ಹೆಜ್ಜೆ ಮುಂದೆ: ಅಲ್ಲಿ 60 ಹರ್ಟ್ಸ್, ಇಂಡಕ್ಷನ್ ಮೋಟರು ಇರುವ ಗ್ರೈಂಡರ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಸುಮಾರು ಶೇ. 20 ಜೋರಾಗಿ ತಿರುಗುತ್ತದೆ. ಸೌದಿಯಲ್ಲಿರುವವರೂ ನೆನಪಿಡಿ, ಅಲ್ಲಿಯೂ 60. ವಸ್ತುವಿನ ಹಿಂದೆ ಇರುವ ಸಣ್ಣ ಅಕ್ಷರದಲ್ಲಿ "ಇನ್‌ಪುಟ್ 100–240, 50/60" ಅಂತಿದ್ದರೆ ಮಾತ್ರ ಲೋಕವೆಲ್ಲ ತಿರುಗಾಡಬಹುದು. ಫೋನು, ಲ್ಯಾಪ್‌ಟಾಪ್ ಚಾರ್ಜರುಗಳಲ್ಲಿ ಹೆಚ್ಚಾಗಿ ಹಾಗಿರುತ್ತದೆ. ಹೀಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಈಗ ಆ ತಂಗಿಗೆ ನೇರವಾಗಿ. ಕಂಜೂಸಿ ಮಾಡಬಾರದ ಜಾಗ ಒಂದು ಉಂಟು: ಗೋಡೆಯ ಸಾಕೆಟ್ಟಿಗೂ ನಿನ್ನ ಕೈಗೂ ಮಧ್ಯೆ ಇರುವ ವಸ್ತು. ಚಾರ್ಜರ್, ಎಕ್ಸ್‌ಟೆನ್ಶನ್ ಬೋರ್ಡು, ರೂಮ್ ಹೀಟರು. ಮತ್ತೆ ಬ್ಯಾಟರಿ. ಚಾರ್ಜರಿನ ಒಳಗೆ ಒಂದು ಬದಿ 230 ವೋಲ್ಟು, ಇನ್ನೊಂದು ಬದಿ 5 ವೋಲ್ಟು. ಈ ಎರಡನ್ನೂ ದೂರ ಇಡುವುದು ಕೆಲವು ಮಿಲಿಮೀಟರ್ ಖಾಲಿ ಜಾಗ, ಸ್ವಲ್ಪ ಟೇಪು ಮತ್ತು ಒಂದು ಪುಟಾಣಿ ಟ್ರಾನ್ಸ್‌ಫಾರ್ಮರ್. ನಕಲಿ ಮಾಡುವವನು ದುಡ್ಡು ಉಳಿಸುವುದು ಅಲ್ಲೇ, ಯಾಕೆಂದರೆ ಅದು ಹೊರಗೆ ಕಾಣುವುದಿಲ್ಲ, ಫೋನು ಚಾರ್ಜ್ ಆಗುವುದಕ್ಕೆ ಅದು ಬೇಕಾಗಿಯೂ ಇಲ್ಲ. ಅದು ತಪ್ಪಿದ ದಿನ ಗೋಡೆಯ ಕರೆಂಟು ನೀನು ಹಾಸಿಗೆಯಲ್ಲಿ ಹಿಡಿದುಕೊಂಡ ಫೋನಿಗೇ ಬರುತ್ತದೆ. ಸಿಇ ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು, ಅದನ್ನು ನೋಡಿ ನಂಬಬೇಡ. ಗೊತ್ತಿರುವ ಅಂಗಡಿಯಿಂದ ತಗೋ. ಊರಿನಲ್ಲಾದರೆ ಚಾರ್ಜರಿನ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಅಸಲಿಯಾ ಅಂತ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ.

ಇನ್ನೊಂದು, ಇದನ್ನು ಓದುವ ಎಷ್ಟು ಜನ ಮಾಡಿದ್ದೀರಿ ಅಂತ ನನಗೆ ಗೊತ್ತು. ಬ್ರಿಟಿಷ್ ಸಾಕೆಟ್ಟಿಗೆ ಊರಿನ ಎರಡು ಪಿನ್ನು ಹೋಗುವುದಿಲ್ಲ, ಆಗ ಮೇಲಿನ ಅರ್ತ್ ತೂತಿಗೆ ಪೆನ್ನಿನ ಮುಚ್ಚಳ ತುರುಕಿ ಒಳಗಿನ ಬಾಗಿಲು ತೆರೆದು ಪಿನ್ನು ಹಾಕುವ ವಿದ್ಯೆ. ನಾನೂ ಮೊದಲ ತಿಂಗಳು ಮಾಡಿದ್ದೇನೆ, ಹಂಚಿಕೊಂಡ ಮನೆಯಲ್ಲಿ ಕೇರಳದ ಹುಡುಗಿ ಕಲಿಸಿದ್ದು. ಆ ಬಾಗಿಲು ಇರುವುದು ಮಕ್ಕಳ ಬೆರಳಿಗಾಗಿ. ಅದಕ್ಕಿಂತ ಮುಖ್ಯ, ಇಲ್ಲಿಯ ಮನೆಗಳಲ್ಲಿ ಸಾಮಾನ್ಯವಾಗಿ ಹಲವು ಸಾಕೆಟ್ಟುಗಳು ಒಂದೇ 32 ಆಂಪಿಯರ್ ಲೈನಿನ ಮೇಲೆ ಇರುತ್ತವೆ. ತೆಳು ವಯರು ಬೆಂಕಿ ಹತ್ತಿದರೂ ಆ ಬ್ರೇಕರ್ ಬೀಳದೇ ಇರಬಹುದು. ಅದಕ್ಕೇ ಇಲ್ಲಿಯ ಪ್ರತಿ ಪ್ಲಗ್ಗಿನ ಒಳಗೆ ಒಂದು ಸಣ್ಣ ಫ್ಯೂಸು, 3 ಅಥವಾ 13 ಆಂಪಿಯರಿನದ್ದು. ಊರಿನ ಪಿನ್ನು ತುರುಕಿದರೆ ಆ ಫ್ಯೂಸನ್ನೇ ದಾಟಿ ಹೋದ ಹಾಗೆ. ಫ್ಯೂಸು ಇರುವ ಅಡಾಪ್ಟರ್ ಮೂರು ನಾಲ್ಕು ಪೌಂಡಿಗೆ ಸಿಗುತ್ತದೆ. ನೈಟ್ ಡ್ಯೂಟಿ ಮುಗಿಸಿ ಹಗಲು ಹೆಣದ ಹಾಗೆ ಮಲಗುವ ನಮ್ಮಂಥವರ ಮನೆ ಅದು, ಹೊಗೆ ಎದ್ದರೆ ಎಚ್ಚರವಾಗಲೂ ಕಷ್ಟ.

ಇಷ್ಟಕ್ಕೆ ಖರ್ಚು ಮಾಡು. ಉಳಿದ ಕಡೆ ಧಾರಾಳವಾಗಿ ಕಂಜೂಸಿಯಾಗು. ಟಿವಿಯ ಎಚ್‌ಡಿಎಂಐ ಕೇಬಲ್ಲಿಗೆ 40 ಪೌಂಡು ಕೇಳುತ್ತಾರೆ, ಚಿನ್ನದ ಲೇಪ, ಬಣ್ಣ ಚೆನ್ನಾಗಿ ಕಾಣುತ್ತದೆ ಅಂತೆಲ್ಲ. ಅದರಲ್ಲಿ ಹೋಗುವುದು ಸೊನ್ನೆ ಒಂದುಗಳ ಲೆಕ್ಕ. ಲೆಕ್ಕ ತಲುಪಿದರೆ ಚಿತ್ರ ಪೂರ್ತಿ ಬರುತ್ತದೆ, ತಲುಪದಿದ್ದರೆ ಚುಕ್ಕಿ ಚುಕ್ಕಿ ಬರುತ್ತದೆ ಅಥವಾ ಪರದೆ ಕಪ್ಪಾಗುತ್ತದೆ. "ಸ್ವಲ್ಪ ಚೆಂದ" ಅನ್ನುವ ಮಧ್ಯದ ಸ್ಥಿತಿ ಇಲ್ಲ. ಒಂದೆರಡು ಮೀಟರಿಗೆ ನಾಲ್ಕು ಪೌಂಡಿನದ್ದು ಸಾಕು, ಹತ್ತು ಮೀಟರ್ ಎಳೆಯುವುದಾದರೆ ಮಾತ್ರ ಯೋಚನೆ ಮಾಡು. ಕೆಟ್ಟರೆ ನಷ್ಟ ಏನು? ಒಂದು ಸಂಜೆಯ ಸಿನಿಮಾ. ಯುಎಸ್‌ಬಿ-ಸಿ ಕೇಬಲ್ಲು ಮಾತ್ರ ಸ್ವಲ್ಪ ಮೋಸದ ಜಾತಿ, ನೋಡಲು ಎಲ್ಲ ಒಂದೇ ಥರ. 60 ವ್ಯಾಟಿನವರೆಗೆ ಮಾಮೂಲಿಯದ್ದು ನಡೆಯುತ್ತದೆ, ಅದಕ್ಕಿಂತ ದೊಡ್ಡ ಲ್ಯಾಪ್‌ಟಾಪಿಗೆ ಒಳಗೆ ಚಿಪ್ ಇರುವ ಕೇಬಲ್ ಬೇಕು. ನಿನ್ನ ಫೋನಿಗೆ ಬೇಡ.

ಊರಿಗೆ ಟಿವಿ, ಫ್ರಿಜ್ಜು ಕೊಡಿಸುವ ವಿಷಯದಲ್ಲಿ ನಾನು ಈಗ ರಿಪೇರಿಯವನನ್ನು ಮೊದಲು ಕೇಳುತ್ತೇನೆ. ನಮ್ಮ ಪೇಟೆಯಲ್ಲಿ ಒಬ್ಬರಿದ್ದಾರೆ. "ಯಾವುದರ ಪಾರ್ಟು ನಿಮಗೆ ಮೂರು ದಿನದಲ್ಲಿ ಸಿಗ್ತದೆ?" ಅಂದರೆ ಸಾಕು, ಅವರು ಹೇಳುವ ಹೆಸರು ಜಾಹೀರಾತಿನಲ್ಲಿ ಬರುವ ಹೆಸರಾಗಿರುವುದಿಲ್ಲ. ಇಲ್ಲಿ ಕೊಂಡ ವಸ್ತು ಕೆಟ್ಟದ್ದು ಬಂದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ 30 ದಿನದ ಒಳಗೆ ವಾಪಸ್ ಕೊಟ್ಟು ದುಡ್ಡು ಕೇಳಬಹುದು. ಆ ಹಕ್ಕು ಸೂಟ್‌ಕೇಸಿನಲ್ಲಿ ಬರುವುದಿಲ್ಲ. ಹೊತ್ತು ತಂದ ದುಬಾರಿ ಟಿವಿ ಊರಿನಲ್ಲಿ ಕೆಟ್ಟರೆ ಹೆಚ್ಚಾಗಿ ನೀವೇ ಅನಾಥರು. ಅದರ ಮೇಲೆ ನಮ್ಮ ಕಡೆಯ ಏಪ್ರಿಲ್–ಮೇ ತಿಂಗಳ ಗುಡುಗು. ಸಿಡಿಲಿಗೆ ಬ್ರ್ಯಾಂಡು ಗೊತ್ತಿಲ್ಲ ಮಾರಾಯ್ರೆ, ಮೋಡ ಕಪ್ಪಾದ ಕೂಡಲೇ ಪ್ಲಗ್ಗು, ಕೇಬಲ್ಲು, ಮೋಡೆಮ್ಮಿನ ವಯರು ಎಲ್ಲ ಎಳೆಯುವ ಅಮ್ಮನಿಗೇ ಗೊತ್ತು. ಸ್ಟೆಬಿಲೈಸರು ಕೂಡ ಅದಕ್ಕೆ ಅಡ್ಡ ಬರುವುದಿಲ್ಲ. ಹಾಗಾಗಿ ಸಾಧಾರಣ ಟಿವಿ ಒಂದು, ಅದಕ್ಕೊಂದು ಸ್ಟಿಕ್ಕು. ಸ್ಮಾರ್ಟ್ ಟಿವಿಯ ಒಳಗಿನ ಆ್ಯಪ್‌ಗಳು ಕೆಲ ವರ್ಷಕ್ಕೆ ಅಪ್‌ಡೇಟ್ ನಿಂತು ಮುದಿಯಾಗುತ್ತವೆ, ಪರದೆ ಗಟ್ಟಿಯಾಗಿಯೇ ಇರುತ್ತದೆ. ಸ್ಟಿಕ್ಕು ಬದಲಿಸಿದರೆ ಆಯಿತು. ಹೊಸ ಮನೆ ಕಟ್ಟುವವರು ಟಿವಿಯ ಇಂಚು ಲೆಕ್ಕ ಹಾಕುವ ಮೊದಲು ಅರ್ತಿಂಗ್ ಗುಂಡಿ ಸರಿ ಇದೆಯಾ ನೋಡಿ ಅನ್ನುವುದು ನನ್ನ ಹಳೇ ಜಗಳ, ನನ್ನ ಅಣ್ಣನ ಜೊತೆಗೂ ಆಗಿದೆ.

"ಹಾಗಾದರೆ ಒಳ್ಳೇ ಕಂಪನಿಯದ್ದಕ್ಕೆ ಬೆಲೆಯೇ ಇಲ್ಲವಾ" ಅಂತ ಕೇಳಬಹುದು. ಉಂಟು. ವಾಷಿಂಗ್ ಮಷಿನ್ನಿನ ಮೋಟರು, ಇನ್ವರ್ಟರಿನ ಬ್ಯಾಟರಿ ಇಂಥದ್ದರಲ್ಲಿ ಕೊಟ್ಟ ದುಡ್ಡು ತೂಕದಲ್ಲೇ ಕಾಣುತ್ತದೆ. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿಗೆ ಫ್ಯಾನು ಗುಂಯ್‌ಗುಡುವುದನ್ನು ಕೇಳಿದವರು ಪ್ಯೂರ್ ಸೈನ್ ವೇವಿಗೆ ಸ್ವಲ್ಪ ಜಾಸ್ತಿ ಕೊಡಲು ಹಿಂಜರಿಯುವುದಿಲ್ಲ. ನನ್ನ ತಕರಾರು ದುಬಾರಿ ವಸ್ತುವಿನ ಮೇಲಲ್ಲ. ದುಬಾರಿ ಕೊಟ್ಟೆ, ಇನ್ನು ನಾನು ಯೋಚನೆ ಮಾಡಬೇಕಾಗಿಲ್ಲ ಅನ್ನುವ ನಮ್ಮ ಸಮಾಧಾನದ ಮೇಲೆ. ದೂರದಲ್ಲಿರುವವರಿಗೆ ಈ ಸಮಾಧಾನ ಬಹಳ ಬೇಕಾಗುತ್ತದೆ. ಅಮ್ಮನ ಪಕ್ಕ ಕೂತು ಕೈ ಎಲ್ಲಿಡಬೇಕು ಅಂತ ತೋರಿಸಲು ಇನ್ನೊಂದು ದಿನ ಉಳಿಯಲಾಗಲಿಲ್ಲ, ಅದರ ಬದಲಿಗೆ 79 ಪೌಂಡು ಕೊಟ್ಟೆ.

ಆ ಮಣಿಕಟ್ಟಿನ ಮಷಿನ್ ಈಗಲೂ ಮನೆಯಲ್ಲಿದೆ, ಗೋಡ್ರೇಜ್ ಬೀರುವಿನಲ್ಲಿ, ಪೆಟ್ಟಿಗೆ ಸಮೇತ. ಅದರ ರೇಟು ಎಷ್ಟು ಅಂತ ಅಮ್ಮನಿಗೆ ನಾನು ಇವತ್ತಿಗೂ ಹೇಳಿಲ್ಲ. ನೆಂಟರು ಬಂದಾಗ ತೆಗೆದು ತೋರಿಸುತ್ತಾಳಂತೆ, "ಇದು ಮಗಳು ತಂದದ್ದು" ಅಂತ. ನೋಡಿಕೊಳ್ಳುವುದು ಮಾತ್ರ ₹2,100ರದ್ದರಲ್ಲಿ. ನಿನ್ನೆ ಬೆಳಿಗ್ಗೆ 126, ಅಪ್ಪ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದು ಫೋಟೋ ಕಳಿಸಿದ್ದಾರೆ.